ಅಗೆದ ಮಣ್ಣು ತುಂಬಲು ಸಾಲುವಂತೆ ಲೆಕ್ಕ ಹಾಕುವುದು ಹೇಗೆ?

ಮಲೆನಾಡಿನ ಇಳಿಜಾರಿನಲ್ಲಿ ಮನೆಗೋ ಗೋದಾಮಿಗೋ ಜಾಗ ಸಮತಟ್ಟು ಮಾಡಿಸುವವರಲ್ಲಿ ಹಲವರು, ಅಗೆತ ಸಾವಿರ ಘನ ಮೀಟರ್, ಭರ್ತಿಯೂ ಸಾವಿರ ಘನ ಮೀಟರ್ ಎಂದು ಕಂಪ್ಯೂಟರ್ ತೋರಿಸಿದೊಡನೆ ಜೆಸಿಬಿ ಕರೆಸುತ್ತಾರೆ. ಕೆಲಸ ಮುಗಿಯುವ ಹೊತ್ತಿಗೆ ಒಂದು ಮೂಲೆ ಹಳ್ಳವಾಗಿಯೇ ಉಳಿದಿರುತ್ತದೆ.

ಮೊದಲು ಅಳತೆ. ಕೋನ, ದೂರ ಅಳೆಯುವ ಟೋಟಲ್ ಸ್ಟೇಷನ್ ಯಂತ್ರ ಅಥವಾ ಉಪಗ್ರಹ ಸಂಕೇತದಿಂದ ನಿಖರ ಸ್ಥಾನ ತಿಳಿಸುವ ಡಿಜಿಪಿಎಸ್‌ನಿಂದ ಐದರಿಂದ ಹತ್ತು ಮೀಟರ್ ಅಂತರದಲ್ಲಿ ನೆಲದ ಎತ್ತರದ ಬಿಂದುಗಳನ್ನು ತೆಗೆಸಿ. ಧರೆಯ (ಕಡಿದಾದ ಮಣ್ಣಿನ ದಂಡೆಯ) ನೆತ್ತಿ ಮತ್ತು ಬುಡಗಳನ್ನು ಪ್ರತ್ಯೇಕ ಗೆರೆಗಳಾಗಿ ಗುರುತಿಸಿ. ಉಚಿತವಾಗಿ ಸಿಗುವ 30 ಮೀಟರ್ ಚೌಕಗಳ ಉಪಗ್ರಹ ಎತ್ತರ ದತ್ತಾಂಶವನ್ನು ಈ ಕೆಲಸಕ್ಕೆ ಮುಟ್ಟಲೇಬೇಡಿ, ಅದರಲ್ಲಿ ಒಂದು ಎಕರೆಗೆ ನಾಲ್ಕೈದು ಚೌಕಗಳಷ್ಟೇ ಬರುತ್ತವೆ. ಪೊದೆ ಸವರದೆ ಡ್ರೋನ್ ಹಾರಿಸಿದರೆ ಎಲೆಗಳ ಎತ್ತರವೇ ನೆಲದ ಎತ್ತರವಾಗಿ ದಾಖಲಾಗುತ್ತದೆ.

ಬಳಿಕ ಉಚಿತ ನಕ್ಷೆ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಬಿಂದು ಮತ್ತು ಗೆರೆಗಳಿಂದ ತ್ರಿಕೋನ ಜಾಲದ ಮೇಲ್ಮೈ ರಚಿಸಿ, ಅದರಿಂದ ವಿನ್ಯಾಸದ ಮಟ್ಟವನ್ನು, ಅಂದರೆ ಕೆಲಸ ಮುಗಿದಾಗ ನೆಲ ಇರಬೇಕಾದ ಎತ್ತರವನ್ನು, ಕಳೆಯಿರಿ. ಧನ ಸಂಖ್ಯೆ ಅಗೆತ, ಋಣ ಸಂಖ್ಯೆ ಭರ್ತಿ. ನಕ್ಷೆ ಡಿಗ್ರಿಯಲ್ಲಿದ್ದರೆ ಬರುವ ಘನ ಅಳತೆಗೆ ಅರ್ಥವಿಲ್ಲ, ಮೀಟರಿನಲ್ಲಿ ಅಳೆಯುವ ನಕ್ಷಾ ಪದ್ಧತಿಯಾದ ಯುಟಿಎಂಗೆ ಬದಲಿಸಿಕೊಳ್ಳಿ. ಮಲೆನಾಡಿಗೆ ಅದು 43ನೇ ಉತ್ತರ ವಲಯ.

ಜನ ಎಡವುವುದು ಇದರ ಮುಂದೆ. ಬೇರು, ಕೊಳೆತ ಎಲೆ ತುಂಬಿದ ಮೇಲ್ಮಣ್ಣು ಭರ್ತಿಗೆ ಬಾರದು. ಒಂದು ಎಕರೆಯಲ್ಲಿ, ಅಂದರೆ ಸುಮಾರು 4,047 ಚದರ ಮೀಟರ್‌ನಲ್ಲಿ, 15 ಸೆಂಟಿಮೀಟರ್ ಹೆರೆದು ತೆಗೆದರೆ 600 ಘನ ಮೀಟರಿಗೂ ಹೆಚ್ಚು ಮಣ್ಣು ಲೆಕ್ಕದಿಂದ ಹೊರಬೀಳುತ್ತದೆ: ಅಗೆಯುವ ಕಡೆ ಸಿಗುವುದು ಕಡಿಮೆಯಾಗುತ್ತದೆ, ತುಂಬುವ ಕಡೆ ಗುಂಡಿ ಆಳವಾಗುತ್ತದೆ. ಆದ್ದರಿಂದ ಘನ ಅಳತೆ ತೆಗೆಯುವ ಮೊದಲೇ ಇಡೀ ನೆಲದ ಮೇಲ್ಮೈಯನ್ನು ಅಷ್ಟು ಇಳಿಸಿಕೊಳ್ಳಬೇಕು.

ಎರಡನೆಯದು ಕುಗ್ಗುವಿಕೆ. ನೆಲದಲ್ಲಿರುವ ಮಣ್ಣು ಅಗೆದಾಗ ಉಬ್ಬುತ್ತದೆ, ರೋಲರ್ ಹಾಯಿಸಿದಾಗ ಮೂಲಕ್ಕಿಂತಲೂ ಕುಗ್ಗುತ್ತದೆ. ನೆಲದಲ್ಲಿ ಅದರ ಒಣ ಸಾಂದ್ರತೆ ಘನ ಸೆಂಟಿಮೀಟರಿಗೆ 1.55 ಗ್ರಾಂ, ಪ್ರಾಕ್ಟರ್ ಪರೀಕ್ಷೆಯಲ್ಲಿ (ಮಣ್ಣನ್ನು ಎಷ್ಟು ಗಟ್ಟಿಯಾಗಿ ಒತ್ತಬಹುದೆಂದು ನೋಡುವ ಪ್ರಯೋಗಾಲಯ ಪರೀಕ್ಷೆ) ಸಿಕ್ಕ ಗರಿಷ್ಠ ಒಣ ಸಾಂದ್ರತೆ 1.80 ಎಂದಿಟ್ಟುಕೊಳ್ಳೋಣ. ಗರಿಷ್ಠದ ಶೇ 95ರಷ್ಟು ದಮ್ಮಸ್ಸು ಮಾಡಿದರೆ 1.71 ಆಗುತ್ತದೆ, 1.55ನ್ನು 1.71ರಿಂದ ಭಾಗಿಸಿದರೆ ಸುಮಾರು 0.91. ಅಂದರೆ ಸಾವಿರ ಘನ ಮೀಟರ್ ಅಗೆದರೆ ತುಂಬಲು ಸಿಗುವುದು ಒಂಬೈನೂರು ಚಿಲ್ಲರೆ ಮಾತ್ರ. ಎಲ್ಲ ಮಣ್ಣಿಗೂ ಶೇ 10 ಕುಗ್ಗುವಿಕೆ ಎಂದು ಕಣ್ಣುಮುಚ್ಚಿ ಹಾಕುವ ರೂಢಿಯನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಪರೀಕ್ಷೆಯ ಶುಲ್ಕ ಕೆಲವು ಟಿಪ್ಪರ್ ಮಣ್ಣಿನ ಬೆಲೆಯನ್ನು ಮೀರುವುದು ಅಪರೂಪ. ಬಂಡೆ ಸಿಕ್ಕರೆ ಲೆಕ್ಕವೇ ತಿರುಗುತ್ತದೆ; ಒಡೆದ ಕಲ್ಲು ದಮ್ಮಸ್ಸಾದ ಮೇಲೂ ಮೂಲಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ.

ಕೊನೆಗೆ ಅಂಗಳದ ಮಟ್ಟವನ್ನು ಸರಿಹೊಂದಿಸಿ. ಎಕರೆ ಅಗಲದ ಅಂಗಳವನ್ನು ಒಂದು ಸೆಂಟಿಮೀಟರ್ ಇಳಿಸಿದರೆ ಸುಮಾರು 40 ಘನ ಮೀಟರ್ ವ್ಯತ್ಯಾಸವಾಗುತ್ತದೆ. ಅಗೆಯುವ ಮತ್ತು ತುಂಬುವ ಭಾಗಗಳು ಅರ್ಧರ್ಧ ಇದ್ದರೆ, ಮೇಲಿನ ಉದಾಹರಣೆಯಲ್ಲಿ (ಒಂದು ಎಕರೆ, ಅಗೆತ ಮತ್ತು ಭರ್ತಿ ಸಾವಿರ ಘನ ಮೀಟರ್) ಮೇಲ್ಮಣ್ಣಿಗೆ 15, ಕುಗ್ಗುವಿಕೆಗೆ ಎರಡೂವರೆ ಸೆಂಟಿಮೀಟರ್ ಇಳಿಸಬೇಕಾಗುತ್ತದೆ. ಅಂಚಿನ ಇಳಿಜಾರುಗಳನ್ನೂ ವಿನ್ಯಾಸದ ಮೇಲ್ಮೈಯಲ್ಲಿ ಸೇರಿಸಿ. ಲಂಬ ಗೋಡೆಯಂತೆ ಬಿಡಿಸಿದ ಭರ್ತಿ ಪರದೆಯ ಮೇಲೆ ಮಾತ್ರ ನಿಲ್ಲುತ್ತದೆ.

ಇಷ್ಟೆಲ್ಲ ಮಾಡಿದರೂ ಹಿತ್ತಲು ಅಥವಾ ವಾಹನ ನಿಲ್ಲಿಸುವ ಜಾಗದ ಮಟ್ಟವನ್ನು ಕೊನೆಯವರೆಗೂ ಅಂತಿಮಗೊಳಿಸಬೇಡಿ. ಉಳಿದ ಮಣ್ಣನ್ನು ಅಲ್ಲಿ ಹರಡಬಹುದು, ಕೊರತೆ ಬಿದ್ದರೆ ಅಲ್ಲಿಂದಲೇ ತೆಗೆಯಬಹುದು.