ಒಮ್ಮೆ ಬಂದ ಸ್ಕಾಲರ್‌ಶಿಪ್ ಮುಂದಿನ ವರ್ಷವೂ ಬರಬೇಕಂದ್ರೆ

"ಮೇಡಂ, ಹೋದ ವರ್ಷ ಬಂದಿತ್ರೀ, ಈ ವರ್ಷ ಯಾಕ ಬಂದಿಲ್ಲ?"

ಮಾರ್ಚ್ ತಿಂಗಳು ಬಂತೆಂದರೆ ಈ ಪ್ರಶ್ನೆ ಹಿಡಿದುಕೊಂಡು ಮಕ್ಕಳು ನನ್ನ ಟೇಬಲ್ ಮುಂದೆ ನಿಲ್ಲುತ್ತಾರೆ. ನಾನು ಸಿಂಧನೂರು ಕಡೆಯವಳು. ರಾಯಚೂರು ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಕಾಮರ್ಸ್ ಕಲಿಸುತ್ತೇನೆ. ಆರು ವರ್ಷದಿಂದ ಸ್ಕಾಲರ್‌ಶಿಪ್ ಕೆಲಸವೂ ನನ್ನ ಮೇಲೇ ಇದೆ. ಕಂಪ್ಯೂಟರ್ ತೆಗೆದು ನೋಡಿದರೆ ಕಾರಣ ಸಿಗುತ್ತದೆ. ಆದರೆ ಮಾರ್ಚ್‌ನಲ್ಲಿ ಕಾರಣ ಸಿಕ್ಕು ಏನು ಉಪಯೋಗ? ಅದು ಆಗಸ್ಟ್‌ನಲ್ಲೇ, ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದು ನೆಲ್ಲು ನಾಟಿ ನಡೆಯುವಾಗಲೇ ಶುರುವಾಗಿರುತ್ತದೆ.

ನನಗೂ ಒಂದು ವರ್ಷ ಹೀಗೆಯೇ ತಪ್ಪಿತ್ತು. ಬಿ.ಕಾಂ ಎರಡನೇ ವರ್ಷದಲ್ಲಿ ಡೆಂಗಿ ಬಂದು ಇಪ್ಪತ್ತು ದಿನ ಮಲಗಿದ್ದೆ. ಆಸ್ಪತ್ರೆಯ ಚೀಟಿ ಅಪ್ಪನ ಅಂಗಿ ಜೇಬಿನಲ್ಲೇ ಉಳಿದು, ಅಂಗಿ ಜೊತೆ ಒಗೆದು ಮುದ್ದೆಯಾಯಿತು. ಕಾಲೇಜಿಗೆ ಹೋದ ಮೇಲೆ ನಾನೂ ಏನೂ ಹೇಳಲಿಲ್ಲ, ಅವರೂ ಏನೂ ಕೇಳಲಿಲ್ಲ. ಸೆಮಿಸ್ಟರ್ ಕೊನೆಯಲ್ಲಿ ಹಾಜರಿ ಕಡಿಮೆ ಇದ್ದವರ ಶಾರ್ಟೇಜ್ ಲಿಸ್ಟ್‌ನಲ್ಲಿ ನನ್ನ ಹೆಸರಿತ್ತು, ಶೇ. 71. ಆ ವರ್ಷದ ಸ್ಕಾಲರ್‌ಶಿಪ್ ಬರಲೇ ಇಲ್ಲ. ಅಪ್ಪ ಅಡತಿ ಅಂಗಡಿಯಲ್ಲಿ ಮುಂದಿನ ಬೆಳೆಯ ಮೇಲೆ ಸಾಲ ತಂದು ಫೀ ಕಟ್ಟಿದರು. ಆ ಚೀಟಿಯನ್ನು ಒಂದು ಅರ್ಜಿಗೆ ಪಿನ್ ಹೊಡೆದು ಕೊಟ್ಟಿದ್ದರೆ ಕೇಳುವುದಕ್ಕಾದರೂ ನನ್ನ ಕೈಯಲ್ಲಿ ಏನಾದರೂ ಇರುತ್ತಿತ್ತು. ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು, ನಿಮಗೆ ಬರುತ್ತಿರುವುದು ಯಾವ ಸ್ಕಾಲರ್‌ಶಿಪ್ ಅಂತ ತಿಳಿದುಕೊಳ್ಳಿ. ನಗಬೇಡಿ, ಅರ್ಧಕ್ಕಿಂತ ಜಾಸ್ತಿ ಮಕ್ಕಳಿಗೆ ಹೆಸರೇ ಗೊತ್ತಿರುವುದಿಲ್ಲ. ಆನ್‌ಲೈನ್ ಸೆಂಟರ್‌ನಲ್ಲಿ ಯಾರೋ ಅರ್ಜಿ ಹಾಕಿರುತ್ತಾರೆ, ಹಣ ಬಂದಿರುತ್ತದೆ, ಅಷ್ಟೇ. ಹೆಸರು ಗೊತ್ತಿಲ್ಲದಿದ್ದರೆ ಷರತ್ತೂ ಗೊತ್ತಾಗುವುದಿಲ್ಲ. ರಾಜ್ಯ ಸರ್ಕಾರದ್ದಾದರೆ ಸಾಮಾನ್ಯವಾಗಿ ಎಸ್‌ಎಸ್‌ಪಿ (ರಾಜ್ಯದ ಸ್ಕಾಲರ್‌ಶಿಪ್ ವೆಬ್‌ಸೈಟ್) ಪೋರ್ಟಲ್‌ನಲ್ಲಿ ಇರುತ್ತದೆ, ಕೇಂದ್ರದ್ದಾದರೆ ಎನ್‌ಎಸ್‌ಪಿ ಅಂದರೆ ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ. ನಿಮ್ಮ ಐಡಿ, ಪಾಸ್‌ವರ್ಡ್ ನಿಮ್ಮ ಹತ್ತಿರವೇ ಇರಲಿ. ಸೆಂಟರ್‌ನವರ ಮೊಬೈಲ್ ನಂಬರ್ ಕೊಟ್ಟಿದ್ದರೆ ಅದನ್ನು ಬದಲಾಯಿಸಿ ನಿಮ್ಮದೋ ಅಪ್ಪ-ಅಮ್ಮನದೋ ಹಾಕಿಸಿ. ಒಟಿಪಿ ಬೇರೆಯವರ ಫೋನಿಗೆ ಹೋದರೆ ರಿನ್ಯೂವಲ್ ಟೈಮಿಗೆ ಅವರ ಹಿಂದೆ ತಿರುಗಬೇಕಾಗುತ್ತದೆ.

ಈಗ ಹಾಜರಿ. ನನ್ನ ಅನುಭವದಲ್ಲಿ ನಮ್ಮ ಕಡೆ ಮಕ್ಕಳು ಮಾರ್ಕ್ಸ್‌ಗಿಂತ ಇಲ್ಲೇ ಜಾಸ್ತಿ ಸಿಕ್ಕಿಬೀಳುತ್ತಾರೆ. ದಡ್ಡರಾಗಿ ಅಲ್ಲ. ಆಗಸ್ಟ್‌ನಲ್ಲಿ ನಾಟಿ, ನವೆಂಬರ್‌ನಲ್ಲಿ ಹತ್ತಿ ಬಿಡಿಸೋದು, ನಡುವೆ ದೀಪಾವಳಿ, ಮನೆಯಲ್ಲಿ ಒಂದು ಮದುವೆ. ಒಂದೊಂದೂ ಸಣ್ಣದೇ, ಕೂಡಿಸಿದಾಗ ಮಾತ್ರ ಗೊತ್ತಾಗುತ್ತದೆ.

ಪದವಿ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಶೇ. 75 ಹಾಜರಿ ಬೇಕು. ಕೇಂದ್ರದ ಕೆಲವು ಸ್ಕಾಲರ್‌ಶಿಪ್‌ಗಳೂ ಅದನ್ನೇ ಕೇಳುತ್ತವೆ. ಬಳ್ಳಾರಿ, ರಾಯಚೂರಿನಲ್ಲಿ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕೆಳಗೆ ಇಂಜಿನಿಯರಿಂಗ್ ಓದುವವರು 75 ಅಂತ ತಿಳಿದು ಮೋಸಹೋಗಬೇಡಿ, ನಿಮಗೆ 85. ಇನ್ನೊಂದು ಮಾತು: ಲೆಕ್ಕ ಒಟ್ಟು ದಿನಗಳ ಮೇಲೆ ಅಲ್ಲ, ಒಂದೊಂದು ವಿಷಯದ ಕ್ಲಾಸಿನ ಮೇಲೆ ಇಡಿ. ಬೆಳಗಿನ ಬಸ್ ತಪ್ಪಿ ದಿನಾ ಮೊದಲನೇ ಪೀರಿಯಡ್ ಹೋದರೆ, ನೀವು ದಿನಾ ಕಾಲೇಜಿಗೆ ಬಂದಿದ್ದರೂ ಆ ಒಂದು ವಿಷಯದಲ್ಲಿ ಕೊರತೆ ಬೀಳುತ್ತದೆ.

ಹೋದ ವರ್ಷ ಒಬ್ಬ ಹುಡುಗಿಯ ನೋಟ್‌ಬುಕ್ ಕೊನೇ ಹಾಳೆಯಲ್ಲಿ ನಾನೇ ಈ ಲೆಕ್ಕ ಬರೆದುಕೊಟ್ಟೆ. ಒಂದು ವಿಷಯಕ್ಕೆ ಸೆಮಿಸ್ಟರ್‌ಗೆ 60 ಕ್ಲಾಸ್ ಅಂತ ಇಟ್ಟುಕೊಳ್ಳಿ. ಮುಕ್ಕಾಲು ಪಾಲು ಅಂದರೆ 45. ಅಂದರೆ ಬಿಡಬಹುದಾದ್ದು 15 ಮಾತ್ರ. ವಾರಕ್ಕೆ 4 ಕ್ಲಾಸ್ ಇದ್ದರೆ ಮೂರು ವಾರ ನಾಟಿಗೆ ಹೋದರೆ 12 ಹೋಯಿತು. ಉಳಿದದ್ದು 3. ಆಮೇಲೆ ಬರುವ ಜ್ವರ, ಬಸ್ ಬಂದ್, ಅಕ್ಕನ ಸೀಮಂತ ಎಲ್ಲವೂ ಆ ಮೂರರಲ್ಲೇ ಮುಗಿಯಬೇಕು. ಆ ಹುಡುಗಿ ನನ್ನ ಹತ್ತಿರ ಬಂದಾಗ 40 ಕ್ಲಾಸ್ ಮುಗಿದಿದ್ದವು, ಅವಳು ಬಂದದ್ದು 25. ಬಾಕಿ ಇದ್ದದ್ದು 20. ಇಪ್ಪತ್ತಕ್ಕೆ ಇಪ್ಪತ್ತೂ ಬಂದರೆ 45 ಮುಟ್ಟುತ್ತಾಳೆ, ಒಂದು ತಪ್ಪಿದರೂ ಇಲ್ಲ. ಆ ಹಾಳೆಯಲ್ಲಿ ಇಪ್ಪತ್ತು ಮನೆ ಎಳೆದುಕೊಟ್ಟು, "ಒಂದೊಂದು ಕ್ಲಾಸ್ ಮುಗಿದ ಮೇಲೆ ಒಂದು ಟಿಕ್ ಹಾಕವ್ವ" ಅಂದೆ. ಹತ್ತಿ ಬಿಡಿಸೋ ಹೊತ್ತದು. ಅವರ ಅವ್ವ ಕಾಲೇಜಿಗೇ ಬಂದು ನನ್ನ ಜೊತೆ ಮಾತಾಡಿ ಹೋದರು. ನಾನು ಅವರಿಗೂ ಅದೇ ಹಾಳೆ ತೋರಿಸಿದೆ. ಹತ್ತಿ ಕೂಲಿ ಎಷ್ಟು ದಿನದ್ದು, ಸ್ಕಾಲರ್‌ಶಿಪ್ ಎಷ್ಟು ಅಂತ ಅವರೇ ಬೆರಳಲ್ಲಿ ಎಣಿಸಿದರು. ಮಗಳನ್ನು ಕಳಿಸಿದರು. ಇಪ್ಪತ್ತು ಟಿಕ್ ಬಿದ್ದವು.

ಆದ್ದರಿಂದ ನೀವೂ ತಿಂಗಳಿಗೆ ಒಂದು ಸಲ, ಬೇಕಾದರೆ ಕೊನೇ ಶನಿವಾರ, ಒಂದೊಂದು ವಿಷಯದ ಮೇಷ್ಟ್ರ ಹತ್ತಿರ ಹೋಗಿ "ಸರ್, ನಂದು ಎಷ್ಟಾಗಿದೆ?" ಅಂತ ಕೇಳಿ ಬರೆದುಕೊಳ್ಳಿ. ಸಂಕೋಚ ಬೇಡ. ನಾಟಿಗೆ ಹೋಗಲೇಬೇಕು ಅಂದರೆ ಹೋಗಿ, ಎಷ್ಟು ದಿನ ಅಂತ ಮೊದಲೇ ಎಣಿಸಿ ಹೋಗಿ.

ಕಾಯಿಲೆ ಬಿದ್ದರೆ ಅದೇ ವಾರ ಕೆಲಸ ಮುಗಿಸಿ. ತಾಲ್ಲೂಕು ಆಸ್ಪತ್ರೆಯ ಚೀಟಿ, ರಕ್ತ ಪರೀಕ್ಷೆಯ ರಿಪೋರ್ಟ್, ವೈದ್ಯರ ಸರ್ಟಿಫಿಕೇಟ್ ಎಲ್ಲದರ ಫೋಟೋ ಫೋನಿನಲ್ಲಿ ಇರಲಿ. ಪ್ರಿನ್ಸಿಪಾಲರಿಗೆ ಒಂದು ಅರ್ಜಿ ಬರೆಯಿರಿ. ಎರಡು ಪ್ರತಿ ಮಾಡಿ ಒಂದನ್ನು ಆಫೀಸಿಗೆ ಕೊಡಿ, ಇನ್ನೊಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಂಡು ಮನೆಗೆ ತನ್ನಿ. ನೀವೇ ಹೋಗಲು ಆಗದಿದ್ದರೆ ತಮ್ಮನ ಕೈಲಾದರೂ ಕಳಿಸಿ. ಎಸ್‌ಸಿ, ಎಸ್‌ಟಿ ಮಕ್ಕಳಿಗೆ ಬರುವ ಮೆಟ್ರಿಕ್ ನಂತರದ ಸ್ಕಾಲರ್‌ಶಿಪ್ ನಿಯಮದಲ್ಲಿ, ಕಾಯಿಲೆಯಿಂದ ಪರೀಕ್ಷೆಗೆ ಕೂರಲು ಆಗದವರಿಗೆ ವೈದ್ಯಕೀಯ ಸರ್ಟಿಫಿಕೇಟ್ ಮೇಲೆ ರಿನ್ಯೂ ಮಾಡುವ ಅವಕಾಶ ಇದೆ. ಪ್ರಾಂಶುಪಾಲರಿಗೆ ಒಪ್ಪಿಗೆಯಾಗಬೇಕು. ಆರು ತಿಂಗಳ ಮೇಲೆ ತಂದ ಸರ್ಟಿಫಿಕೇಟನ್ನು ಯಾರು ನಂಬುತ್ತಾರೆ?

ಮಾರ್ಕ್ಸ್ ವಿಷಯಕ್ಕೆ ಬಂದರೆ ಎಲ್ಲದಕ್ಕೂ ಒಂದೇ ಅಳತೆ ಇಲ್ಲ. ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದವರಿಗೆ ಸಿಗುವ ಕೇಂದ್ರದ ಸೆಂಟ್ರಲ್ ಸೆಕ್ಟರ್ ಸ್ಕಾಲರ್‌ಶಿಪ್ ಇದೆಯಲ್ಲ, ಡಿಗ್ರಿಗೆ ವರ್ಷಕ್ಕೆ 12,000 ರೂಪಾಯಿ, ಅದಕ್ಕೆ ಪ್ರತಿ ವರ್ಷ ಕನಿಷ್ಠ ಶೇ. 50 ಅಂಕ ಬೇಕು. ಜೊತೆಗೆ ಶೇ. 75 ಹಾಜರಿ. ರ‍್ಯಾಗಿಂಗ್ ಥರದ ದೂರು ಇರಬಾರದು. ಪಾಸಾದರೆ ಸಾಕು ಅಂತ ಕೂತವರು ಇಲ್ಲಿ ಜಾರುತ್ತಾರೆ. 700ಕ್ಕೆ 343 ತೆಗೆದರೆ ಪಾಸಾಗಿರಬಹುದು, ಆದರೆ ಅದು ಶೇ. 49. ಏಳು ಅಂಕಕ್ಕೆ 12,000 ಹೋಗುತ್ತದೆ. ಇಂಟರ್ನಲ್ಸ್ ಬರೆಯದೆ, ಅಸೈನ್‌ಮೆಂಟ್ ಕೊಡದೆ ಬಿಡುವ ಅಂಕಗಳೇ ಸಾಮಾನ್ಯವಾಗಿ ಈ ಏಳು. ತಾಂತ್ರಿಕ ಕೋರ್ಸಿನ ಹೆಣ್ಣುಮಕ್ಕಳಿಗೆ ವರ್ಷಕ್ಕೆ 50,000 ಕೊಡುವ ಎಐಸಿಟಿಇಯ (ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಮಂಡಳಿ) ಪ್ರಗತಿ ಸ್ಕಾಲರ್‌ಶಿಪ್‌ನಲ್ಲಿ ಮುಂದಿನ ತರಗತಿಗೆ ಪ್ರಮೋಟ್ ಆಗಿರಬೇಕು, ಕಾಲೇಜಿನಿಂದ ಪ್ರಮೋಷನ್ ಸರ್ಟಿಫಿಕೇಟ್ ಬೇಕು. ಆಗದಿದ್ದರೆ ಅಲ್ಲಿಗೆ ನಿಂತುಹೋಗುತ್ತದೆ.

ಆದರೆ ಒಂದು ವಿಷಯ ಫೇಲಾದ ಕೂಡಲೇ ಎಲ್ಲ ಮುಗೀತು ಅಂತ ಮನೆಯಲ್ಲಿ ಕೂರುವ ಮಕ್ಕಳನ್ನು ನೋಡಿದರೆ ನನಗೆ ಬಹಳ ಸಂಕಟವಾಗುತ್ತದೆ. ಎಸ್‌ಸಿ, ಎಸ್‌ಟಿ ಮೆಟ್ರಿಕ್ ನಂತರದ ಸ್ಕಾಲರ್‌ಶಿಪ್‌ನಲ್ಲಿ, ಹಿಂದಿನ ವಿಷಯ ಬಾಕಿ ಇದ್ದರೂ ನಿಮ್ಮನ್ನು ಮುಂದಿನ ತರಗತಿಗೆ ಪ್ರಮೋಟ್ ಮಾಡಿದ್ದರೆ, ಆ ಮುಂದಿನ ತರಗತಿಗೆ ಸ್ಕಾಲರ್‌ಶಿಪ್ ಕೇಳುವ ಹಕ್ಕು ಇದೆ. ಬ್ಯಾಕ್‌ಲಾಗ್ ಬೇರೆ, ವರ್ಷವೇ ಹೋಗುವುದು ಬೇರೆ. ಬಿಡುವ ಮೊದಲು ಆಫೀಸಿಗೆ ಬಂದು ಒಂದು ಮಾತು ಕೇಳಿ.

ಇದೇ ನಿಯಮದಲ್ಲಿ ಇನ್ನೆರಡು ಕಡೆ ಎಚ್ಚರ ಬೇಕು. ಹೇಳದೆ ಕೇಳದೆ ಕೋರ್ಸ್ ಅಥವಾ ಕಾಲೇಜು ಬದಲಾಯಿಸಿದರೆ ಸ್ಕಾಲರ್‌ಶಿಪ್ ರದ್ದಾಗಬಹುದು. ಗಂಗಾವತಿಯಲ್ಲಿ ಸೇರಿ, ನಡುವೆ ಗೆಳೆಯರಿದ್ದಾರೆ ಅಂತ ಬಳ್ಳಾರಿಗೆ ಹೋಗುವುದಾದರೆ ಮೊದಲು ಅನುಮತಿ ಪಡೆಯಿರಿ. ಹಾಗೇ ಬಿ.ಎ. ಮುಗಿಸಿದವರು ಮತ್ತೆ ಬಿ.ಕಾಂ ಸೇರಿದರೆ, ಒಂದೇ ಹಂತದ ಎರಡನೇ ಓದಿಗೆ ಇದು ಬರುವುದಿಲ್ಲ. ಎಂ.ಎ. ಸೇರಿದರೆ ಬರುತ್ತದೆ.

ರಿನ್ಯೂವಲ್ ತಾನಾಗಿ ಆಗುವುದಿಲ್ಲ. ಪ್ರತಿ ವರ್ಷ ನೀವೇ ಅರ್ಜಿ ಹಾಕಬೇಕು, ಹಳೆಯ ಐಡಿಯಲ್ಲೇ ಹಾಕಬೇಕು. ಪಾಸ್‌ವರ್ಡ್ ಮರೆತು ಹೊಸ ಐಡಿ ಮಾಡಿಸಿಕೊಂಡರೆ ಗೊಂದಲ ಶುರು. ಫಲಿತಾಂಶ ಬಂದ ದಿನವೇ ಅಂಕಪಟ್ಟಿ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ. ನಾಡಕಚೇರಿಯಲ್ಲಿ ಮಾಡಿಸಿದ ಆದಾಯ ಪ್ರಮಾಣಪತ್ರ 5 ವರ್ಷಕ್ಕೆ ಮಾತ್ರ. ಒಂಬತ್ತನೇ ಕ್ಲಾಸಿನಲ್ಲಿ ಮಾಡಿಸಿದ್ದು ಸರಿಯಾಗಿ ಡಿಗ್ರಿ ಓದುವಾಗಲೇ ಮುಗಿಯುತ್ತದೆ, ಲೆಕ್ಕ ಹಾಕಿ ನೋಡಿ. ಅರ್ಜಿ ಹಾಕುವ ಕೊನೇ ವಾರದಲ್ಲಿ ನಾಡಕಚೇರಿ ಮುಂದೆ ಎಷ್ಟು ಜನ ಇರುತ್ತಾರೆ ಅಂತ ನಿಮಗೆ ಗೊತ್ತು. ಬೇಸಿಗೆ ರಜೆಯಲ್ಲೇ ಮಾಡಿಸಿಡಿ.

ಸಬ್‌ಮಿಟ್ ಒತ್ತಿದ ಮೇಲೆ ಕೆಲಸ ಮುಗಿಯಿತು ಅಂತ ಅಲ್ಲ. ಎನ್‌ಎಸ್‌ಪಿ ಅರ್ಜಿಯನ್ನು ಕಾಲೇಜು ಪರಿಶೀಲಿಸಬೇಕು, ಆಮೇಲೆ ಮೇಲಿನವರು. ತಪ್ಪಿದ್ದರೆ ಡಿಫೆಕ್ಟ್ ಅಂತ ವಾಪಸ್ ಬರುತ್ತದೆ. ಅದನ್ನು ಸರಿಮಾಡಿ ಟೈಮ್ ಒಳಗೆ ಮತ್ತೆ ಕಳಿಸಬೇಕು. ಹದಿನೈದು ದಿನಕ್ಕೊಮ್ಮೆ ಸ್ಟೇಟಸ್ ನೋಡುತ್ತಿರಿ. ಕಾಲೇಜಿನಲ್ಲೇ ನಿಂತಿದ್ದರೆ ನಮ್ಮನ್ನು ಬಂದು ಕೇಳಿ. ನೂರಾರು ಅರ್ಜಿ ನೋಡುವಾಗ ನಮ್ಮ ಕಡೆಯೂ ಕಣ್ಣು ತಪ್ಪುತ್ತದೆ. ಕೇಳಿದವರ ಅರ್ಜಿಯನ್ನು ನಾನು ಅಲ್ಲೇ ತೆಗೆದು ನೋಡುತ್ತೇನೆ.

ಬ್ಯಾಂಕಿನ ವಿಷಯ ಸಣ್ಣದು, ಆದರೆ ಬಿಡುವ ಹಾಗಿಲ್ಲ. ಹಣ ಆಧಾರ್ ಜೋಡಣೆಯಾದ ಖಾತೆಗೆ ಹೋಗುತ್ತದೆ. ಮೊಬೈಲ್ ಅಂಗಡಿಯಲ್ಲಿ ಸಿಮ್ ತಗೊಳ್ಳುವಾಗ ಬೆರಳು ಒತ್ತಿ ಇನ್ನೊಂದು ಖಾತೆ ತೆರೆಸಿಕೊಂಡಿದ್ದರೆ ಜೋಡಣೆ ಅದಕ್ಕೆ ಬದಲಾಗಿರಬಹುದು. ನೀವು ಗ್ರಾಮೀಣ ಬ್ಯಾಂಕಿನ ಪಾಸ್‌ಬುಕ್ ಎಂಟ್ರಿ ಮಾಡಿಸುತ್ತಾ ಕಾಯುತ್ತಿರುತ್ತೀರಿ, ಹಣ ಬೇರೆ ಖಾತೆಯಲ್ಲಿ ಕೂತಿರುತ್ತದೆ. ಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಇದೆ, ಎರಡು ನಿಮಿಷದಲ್ಲಿ ಯಾವ ಬ್ಯಾಂಕ್ ಅಂತ ತೋರಿಸುತ್ತದೆ.

ಇಷ್ಟೆಲ್ಲ ಮಾಡಿಯೂ ಒಂದು ಸ್ಕಾಲರ್‌ಶಿಪ್ ಕೈತಪ್ಪಿದರೆ, ಕಾರಣ ಏನು ಅಂತ ಕೇಳಿ ಬರೆದುಕೊಳ್ಳಿ. ಒಂದರ ಷರತ್ತಿಗೆ ಬಿದ್ದವರು ಇನ್ನೊಂದಕ್ಕೆ ಅರ್ಹರಿರಬಹುದು. ಮನೆಯಲ್ಲಿ ಹೊಲ ಇದ್ದರೆ 2021ರಲ್ಲಿ ಶುರುವಾದ ರೈತ ಮಕ್ಕಳ ಸ್ಕಾಲರ್‌ಶಿಪ್ ರೈತ ವಿದ್ಯಾನಿಧಿ ಈಗ ಕೊಡುತ್ತಿದ್ದಾರೋ ಇಲ್ಲವೋ ಅಂತ ವಿಚಾರಿಸಿ. ಅದು ಶುರುವಾದಾಗ ಬಿ.ಎ., ಬಿ.ಎಸ್ಸಿ, ಬಿ.ಕಾಂ ಓದುವ ಹುಡುಗರಿಗೆ 5,000, ಹುಡುಗಿಯರಿಗೆ 5,500 ರೂಪಾಯಿ ಇಟ್ಟಿದ್ದರು. ಅದಕ್ಕೆ ಅಪ್ಪನದೋ ಅವ್ವನದೋ ಫ್ರೂಟ್ಸ್ ಐಡಿ, ಅಂದರೆ ಸರ್ಕಾರದಲ್ಲಿ ರೈತರ ನೋಂದಣಿ ನಂಬರ್, ಬೇಕು. ಅದು ಇದೆಯೋ ಇಲ್ಲವೋ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಹೇಳುತ್ತಾರೆ. ಹೋಗುವಾಗ ಪಹಣಿ, ಆಧಾರ್, ಪಾಸ್‌ಬುಕ್ ಮೂರನ್ನೂ ಒಂದು ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿಕೊಂಡು ಹೋಗಿ, ಜೇಬಿನಲ್ಲಿ ಬೇಡ.