ಡೆಬಿಯನ್‌ನಲ್ಲಿ ಹಳೆಯ ಸೌಂಡ್ ಕಾರ್ಡ್: ನನ್ನ ಅನುಭವ

ವಿಜಯಪುರದ ನಮ್ಮ ಮನೆಯ ಡೆಸ್ಕ್‌ಟಾಪಿನಲ್ಲಿ ಮದರ್‌ಬೋರ್ಡಿನ ಹಿಂಬದಿಯ ಆಡಿಯೋ ಜ್ಯಾಕ್ ಸಡಿಲಾಗಿತ್ತು. ಅದರ ಬದಲು ಸಿಎಂಐ 8738 ಚಿಪ್ಪಿನ ಪಿಸಿಐ ಸೌಂಡ್ ಕಾರ್ಡ್ (ಮದರ್‌ಬೋರ್ಡಿನ ಸ್ಲಾಟಿಗೆ ಸಿಗಿಸುವಂಥದ್ದು) ಹಾಕಿದೆ. ಸಿಸ್ಟಮ್ ಡೆಬಿಯನ್ 12 ಎಂಬ ಲಿನಕ್ಸ್, ಡೆಸ್ಕ್‌ಟಾಪ್ ಪರದೆ ಗ್ನೋಮ್. ಈ ಚಿಪ್ಪಿನ ಡ್ರೈವರ್ ಲಿನಕ್ಸಿನ ತಿರುಳಾದ ಕರ್ನಲ್ ಜೊತೆಗೇ ಬರುತ್ತದೆ, ಹೊರಗಿನಿಂದ ತರಬೇಕಿಲ್ಲ. ಸದ್ದು ಬರದಿದ್ದರೆ ಹೆಚ್ಚಿನ ಸಲ ಕಾರಣ ಬೇರೆಲ್ಲೋ ಇರುತ್ತದೆ.

ಮೊದಲು ಕಾರ್ಡನ್ನೇ ನೋಡಿ. ಬೇಸಿಗೆಯಲ್ಲಿ ಎರೆಮಣ್ಣಿನ ಧೂಳು ಸ್ಲಾಟಿನ ಒಳಗೂ ಕೂತಿರುತ್ತದೆ. ಪ್ಲಗ್ ಕಿತ್ತು, ಸ್ಲಾಟನ್ನು ಒಣ ಬ್ರಷ್‌ನಿಂದ ಗುಡಿಸಿ, ಕಾರ್ಡಿನ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಹಗುರಾಗಿ ಉಜ್ಜಿದೆ. ಉಸುಕಿನ ಕಾಗದ ಮುಟ್ಟಿಸಲೇಬೇಡಿ, ಲೇಪವೇ ಎದ್ದುಹೋಗುತ್ತದೆ. ಇನ್ನೊಂದು ಮಾತು: ಸ್ಕ್ರೂ ಬಿಗಿದಾಗ ಬ್ರ್ಯಾಕೆಟ್ ಕೆಳಗೆ ಜಗ್ಗಿ, ಕಾರ್ಡಿನ ಒಳತುದಿ ಕೂದಲೆಳೆಯಷ್ಟು ಮೇಲೇಳಬಹುದು. ಬಿಗಿದ ಮೇಲೆ ಮತ್ತೊಮ್ಮೆ ಬೆರಳಿಂದ ಒತ್ತಿ ನೋಡಿ.

ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಪಿಸಿಐ -ಕೆ’ (lspci -k) ಕೊಡಿ. ಕಾರ್ಡಿನ ಹೆಸರೇ ಇಲ್ಲವೆಂದರೆ ಅದು ಸರಿಯಾಗಿ ಕೂತಿಲ್ಲ. ಹೆಸರಿನ ಕೆಳಗೆ ‘ಎಸ್‌ಎನ್‌ಡಿ_ಸಿಎಂಐಪಿಸಿಐ’ (snd_cmipci) ಎಂದು ಬಂದರೆ ಡ್ರೈವರಿನ ಕೆಲಸ ಮುಗಿಯಿತು.

ಮುಂದಿನದು ಟರ್ಮಿನಲ್‌ನಲ್ಲೇ ಸದ್ದು ಏರಿಸಿ ಇಳಿಸುವ ‘ಆಲ್ಸಾಮಿಕ್ಸರ್’ (alsamixer). ಎಫ್6 ಒತ್ತಿ ಕಾರ್ಡ್ ಆರಿಸಿ. ಮಾಸ್ಟರ್ (ಒಟ್ಟು ಸದ್ದು), ಪಿಸಿಎಂ (ಹಾಡು, ವಿಡಿಯೋದ ಸದ್ದು) ಪಟ್ಟಿಗಳ ಕೆಳಗೆ ‘ಎಂಎಂ’ ಕಂಡರೆ ಅದು ಮ್ಯೂಟ್ ಆಗಿದೆ ಎಂದರ್ಥ. ‘ಎಂ’ ಕೀ ಒತ್ತಿದರೆ ‘00’ ಆಗುತ್ತದೆ. ಪಟ್ಟಿ ಪೂರ್ತಿ ಏರಿಸಿಯೂ ಸದ್ದಿಲ್ಲ ಎಂದು ಒದ್ದಾಡುವವರು ಈ ಎರಡಕ್ಷರ ನೋಡಿರುವುದಿಲ್ಲ.

ಇಷ್ಟಾದರೂ ಸದ್ದು ಮಾನಿಟರಿನ ಎಚ್‌ಡಿಎಂಐ ಕೇಬಲ್ ಕಡೆಗೋ ಮದರ್‌ಬೋರ್ಡಿನ ಚಿಪ್ಪಿಗೋ ಹೋಗುತ್ತಿರಬಹುದು. ಡೆಬಿಯನ್ 12ರ ಗ್ನೋಮ್‌ನಲ್ಲಿ ಸದ್ದನ್ನು ಹಂಚುವುದು ಪೈಪ್‌ವೈರ್. ‘ಡಬ್ಲ್ಯೂಪಿಸಿಟಿಎಲ್ ಸ್ಟೇಟಸ್’ (wpctl status) ಕೊಟ್ಟು, ಸಿಂಕ್ಸ್ (Sinks, ಅಂದರೆ ಸದ್ದು ಹೊರಡುವ ದಾರಿಗಳು) ಪಟ್ಟಿಯಲ್ಲಿ ಕಾರ್ಡಿನ ಸಂಖ್ಯೆ ನೋಡಿ, ‘ಡಬ್ಲ್ಯೂಪಿಸಿಟಿಎಲ್ ಸೆಟ್-ಡಿಫಾಲ್ಟ್’ (wpctl set-default) ಮುಂದೆ ಆ ಸಂಖ್ಯೆ ಬರೆಯಿರಿ. ರೀಬೂಟ್ ಆದರೂ ಆಯ್ಕೆ ಉಳಿಯುತ್ತದೆ. ಮದರ್‌ಬೋರ್ಡಿನ ಆಡಿಯೋ ಬೇಡವೇ ಬೇಡ ಎಂದಾದರೆ ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗಿನಲ್ಲಿ) ಆಫ್ ಮಾಡುವುದು ಎಲ್ಲಕ್ಕಿಂತ ಸ್ವಚ್ಛ. ನಾನೂ ಕೊನೆಗೆ ಅದನ್ನೇ ಮಾಡಿದೆ. ‘ಸ್ಪೀಕರ್-ಟೆಸ್ಟ್ -ಸಿ2 -ಟಿ ವೇವ್’ (speaker-test -c2 -t wav) ಕೊಟ್ಟರೆ ಎಡ, ಬಲ ಸ್ಪೀಕರುಗಳು ಸರದಿಯಂತೆ ಹೆಸರು ಹೇಳುತ್ತವೆ.

ಹಾಡು ಬಂತು, ಹಿಂದೆಯೇ ಗುಂಯ್ ಎಂಬ ಸದ್ದೂ ಬಂತು. ಅದು ಅರ್ಥಿಂಗ್ ದೋಷ. ಕಂಪ್ಯೂಟರ್ ಒಂದು ಗೋಡೆಯ ಬೋರ್ಡಿನಲ್ಲಿ, ಆಂಪ್ಲಿಫೈಯರ್ ಇನ್ನೊಂದರಲ್ಲಿತ್ತು. ಎರಡನ್ನೂ ಒಂದೇ ಮೂರು ಪಿನ್ನಿನ ಸ್ಪೈಕ್ ಬಸ್ಟರಿಗೆ ತಂದ ಮೇಲೆ ಬಹುಪಾಲು ಇಳಿಯಿತು. ಉಳಿದದ್ದು ಅಂಗಳದ ಅರ್ಥಿಂಗ್ ಗುಂಡಿಯದು: ಏಪ್ರಿಲ್ ಬಿಸಿಲಿಗೆ ಮಣ್ಣು ಬಿರುಕು ಬಿಟ್ಟು ಒಣಗಿತ್ತು, ಎರಡು ಕೊಡ ನೀರು ಹೊಯ್ದ ಮೇಲೆ ಅದೂ ನಿಂತಿತು.