ಮಟರ್ ಪನೀರ್ ಗ್ರೇವಿ ಒಡೆಯೋದು ನಿಂತಿದ್ದು ಹೀಗೆ

ಮಟರ್ ಪನೀರ್ ಮಾಡಿದಾಗೆಲ್ಲ ಹಾಲು ಸುರಿದ ತಕ್ಷಣ ಗ್ರೇವಿ ಒಡೆದು ನೀರೇ ಬೇರೆ, ಸಣ್ಣ ಸಣ್ಣ ಬಿಳಿ ತರಿನೇ ಬೇರೆ, ರುಚಿ ಕೆಡ್ತಿರ್ಲಿಲ್ಲ ಆದ್ರೆ ನೆಂಟರ ಮುಂದೆ ಇಡೋ ಹಾಗಿರ್ಲಿಲ್ಲ. ಟೊಮೇಟೊ ಹುಳಿ, ಮೇಲೆ ಕುದಿಯೋ ಬಿಸಿ, ಹಾಲು ಒಡೆಯದೆ ಇನ್ನೇನಾಗುತ್ತೆ, ಪನೀರ್ ಮಾಡೋದೂ ಹೀಗೇ ಅಲ್ವಾ! ಟೋನ್ಡ್ ಹಾಲಲ್ಲಿ ಕೊಬ್ಬು 3% ಅಷ್ಟೇ, ಅಂಗಡಿ ಫ್ರೆಶ್ ಕ್ರೀಮಲ್ಲಿ 25% ಹತ್ರ ಇರುತ್ತೆ, ಅದಕ್ಕೇ ಅದು ಅಷ್ಟು ಸುಲಭಕ್ಕೆ ಒಡೆಯಲ್ಲ.

ಈಗ ಹಾಲು ಬಿಟ್ಟೇಬಿಟ್ಟೆ. ರುಬ್ಬಿದ ಈರುಳ್ಳಿ ಟೊಮೇಟೊನ ಅಂಚಲ್ಲಿ ಎಣ್ಣೆ ಬಿಡೋವರೆಗೂ ಬಾಡಿಸಿ, ಬಿಸಿನೀರಲ್ಲಿ ನೆನೆಸಿದ ಹತ್ತು ಹನ್ನೆರಡು ಗೋಡಂಬಿ ನುಣ್ಣಗೆ ರುಬ್ಬಿ ಹಾಕಿ, ಬಟಾಣಿ ಬೆಂದ ಮೇಲೆ ಸ್ಟವ್ ಆಫ್ ಮಾಡಿ ಎರಡು ನಿಮಿಷ ಬಿಟ್ಟು, ಕ್ರೀಮಿಗೆ ಮೊದಲು ಒಂದು ಸೌಟು ಬಿಸಿ ಗ್ರೇವಿ ಕಲಸಿ ಆಮೇಲೆ ಬಾಣಲೆಗೆ ಸುರೀತೀನಿ. ಒಡೆಯೋ ಮಾತೇ ಇಲ್ಲ. ಗೋಡಂಬಿ ಬಿದ್ಮೇಲೆ ಬೇಗ ತಳ ಹಿಡಿಯುತ್ತೆ, ಕೈಯಾಡಿಸ್ತಾನೇ ಇರ್ಬೇಕು.

ಪನೀರ್ ರಬ್ಬರ್ ಥರ ಆಗ್ತಿದ್ರೆ ಹುರಿಯೋದು ಬಿಡಿ, ಉಪ್ಪು ಹಾಕಿದ ಬಿಸಿನೀರಲ್ಲಿ ಹತ್ತು ನಿಮಿಷ ನೆನೆಸಿ ಕೊನೇಲಿ ಹಾಕಿ. ಕಸೂರಿ ಮೇಥಿ ಜಾಸ್ತಿ ಆದ್ರೆ ಕಹಿ, ಅಂಗೈಲಿ ಉಜ್ಜಿದ ಒಂದು ಚಿಟಿಕೆ ಸಾಕು.